‘ವ್ಯಾಲಿ’ ಅಂದರೆ ಏನು ಅಂತ ಮಗಳಿಗೆ ಹೇಗೆ ಹೇಳಿಕೊಡಲಿ? ನಿಮ್ಮ ಅನುಭವ ಹೇಳಿ

ಗಿರಿನಗರದಿಂದ ಒಬ್ಬ ತಾಯಿ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದಳು. ಈ ವರ್ಷ ಐದನೇ ಕ್ಲಾಸಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ್ದೇವೆ. ಹೋದ ವಾರ ಕಿರುಪರೀಕ್ಷೆಯಲ್ಲಿ ‘ವ್ಯಾಲಿ ಎಂದರೇನು, ಚಿತ್ರ ಬರೆಯಿರಿ’ ಎಂಬ ಪ್ರಶ್ನೆ ಬಂದಿತ್ತು. ಇವಳು ಗಾಜಿನ ಎತ್ತರದ ಕಟ್ಟಡ ಬರೆದಿದ್ದಾಳೆ. ಒಳಗೆ ಸಾಲಾಗಿ ಕಂಪ್ಯೂಟರ್ ಬರೆದಿದ್ದಾಳೆ. ‘ಬೆಂಗಳೂರು ಸಿಲಿಕಾನ್ ವ್ಯಾಲಿ’ ಅಂತ ಎಲ್ಲರೂ ಹೇಳುವುದನ್ನು ಕೇಳಿದ್ದಳಲ್ಲ, ಅದೇ ವ್ಯಾಲಿ ಅಂದುಕೊಂಡಳು. ಸೊನ್ನೆ ಬಂತು. ಕ್ಲಾಸಿನಲ್ಲಿ ಮಕ್ಕಳು ನಕ್ಕರಂತೆ. ಅವತ್ತಿನಿಂದ ಕೈ ಎತ್ತಿ ಉತ್ತರ ಹೇಳುವುದನ್ನೇ ನಿಲ್ಲಿಸಿದ್ದಾಳೆ.

‘ವ್ಯಾಲಿ ಅಂದರೆ ಕಣಿವೆ ಕಣೇ’ ಅಂದೆ. ‘ಕಣಿವೆ ಅಂದರೇನಮ್ಮ?’ ಅಂದಳು. ‘ಎರಡು ಬೆಟ್ಟದ ನಡುವಿನ ಜಾಗ’ ಅಂದೆ. ‘ನೀನು ನೋಡಿದ್ದೀಯಾ?’ ಅಂದಳು. ನಾನೂ ಇದೇ ಊರಲ್ಲಿ ಹುಟ್ಟಿ ಬೆಳೆದವಳು. ಏನು ತೋರಿಸಲಿ? ಬಾಯಿಪಾಠ ಮಾಡಿಸಲು ಮನಸ್ಸಿಲ್ಲ. ನೀವು ನಿಮ್ಮ ಮಕ್ಕಳಿಗೆ ಹೇಗೆ ಹೇಳಿಕೊಟ್ಟಿರಿ?

ಬಸವನಗುಡಿಯಿಂದ, ಭೂಗೋಳ ಪಾಠ ಮಾಡಿ ನಿವೃತ್ತನಾದವನು:

ಅಮ್ಮಾ, ಮೊದಲು ಮಗಳಿಗೆ ಒಂದು ಮಾತು ಹೇಳಿ. ಅವಳು ಕೇಳಿಸಿಕೊಂಡ ಪದವನ್ನು ನೆನಪಿಟ್ಟು ಬಳಸಿದ್ದಾಳೆ. ಅದು ಒಳ್ಳೆಯ ಲಕ್ಷಣ. ‘ಸಿಲಿಕಾನ್ ವ್ಯಾಲಿ’ ಎಂಬ ಹೆಸರೂ ನಿಜವಾದ ಒಂದು ಕಣಿವೆಯಿಂದಲೇ ಬಂದದ್ದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾಂಟಾ ಕ್ಲಾರಾ ವ್ಯಾಲಿ ಅಂತ ಇದೆ. ಎರಡೂ ಕಡೆ ಬೆಟ್ಟದ ಸಾಲು, ನಡುವೆ ಅಗಲವಾದ ತಗ್ಗು. ಮುಂಚೆ ಅಲ್ಲಿ ಹಣ್ಣಿನ ತೋಟಗಳಿದ್ದವು. ಆಮೇಲೆ ಸಿಲಿಕಾನ್ ಚಿಪ್ ಮಾಡುವ ಕಂಪನಿಗಳು ಬಂದವು. 1971ರಲ್ಲಿ ಒಂದು ಪತ್ರಿಕೆಯಲ್ಲಿ ಆ ಹೆಸರು ಅಚ್ಚಾಯಿತು, ಹಾಗೇ ನಿಂತಿತು. ಅಂದರೆ ಕಂಪನಿಗಳು ಬರುವುದಕ್ಕೆ ಎಷ್ಟೋ ಮುಂಚೆಯೇ ಅಲ್ಲಿ ವ್ಯಾಲಿ ಇತ್ತು. ಇಷ್ಟು ಹೇಳಿದರೆ ಸಾಕು, ಅವಳ ಚಿತ್ರದ ಹಿಂದೆ ಎರಡು ಬೆಟ್ಟ ಬರೆದರೆ ಅದೇ ಸರಿಯಾದ ಚಿತ್ರ ಆಗುತ್ತದೆ.

ಇನ್ನು ತೋರಿಸುವ ವಿಷಯ. ನೀವು ಗಿರಿನಗರದಲ್ಲಿದ್ದೀರಿ. ಎಲ್ಲಿಗೋ ದೂರ ಹೋಗಬೇಕಿಲ್ಲ.

ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಊರಿನ ನಡುವೆ ಉತ್ತರದಿಂದ ದಕ್ಷಿಣಕ್ಕೆ ಬೆನ್ನುಮೂಳೆಯ ಹಾಗೆ ಒಂದು ಏರು ಹೋಗಿದೆ. ಇಂಗ್ಲಿಷಿನಲ್ಲಿ ಅದಕ್ಕೆ ರಿಡ್ಜ್ ಅನ್ನುತ್ತಾರೆ. ಆ ಏರಿನ ಎರಡೂ ಪಕ್ಕಕ್ಕೆ ನೀರು ಇಳಿದು ಹೋಗುವ ಮೂರು ದೊಡ್ಡ ಕಣಿವೆಗಳಿವೆ. ಹೆಬ್ಬಾಳ ಕಣಿವೆ, ಕೋರಮಂಗಲ–ಚಲ್ಲಘಟ್ಟ ಕಣಿವೆ, ವೃಷಭಾವತಿ ಕಣಿವೆ. ಮೊದಲ ಎರಡರ ನೀರು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿ ಸೇರುತ್ತದೆ. ವೃಷಭಾವತಿಯ ನೀರು ಪಶ್ಚಿಮಕ್ಕೆ ಇಳಿದು ಅರ್ಕಾವತಿ ಸೇರಿ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ಹತ್ತಿರ ಹತ್ತಿರ ಬಿದ್ದ ಎರಡು ಮಳೆಹನಿ ಬೇರೆ ಬೇರೆ ನದಿಗೆ ಹೋಗಬಹುದು. ಈ ಮಾತು ಹೇಳಿದಾಗ ನನ್ನ ಕ್ಲಾಸಿನಲ್ಲಿ ಒಂದು ಮಗುವೂ ಅಲ್ಲಾಡುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಗಳನ್ನು ಕಹಳೆ ಬಂಡೆ ಪಾರ್ಕಿಗೆ ಕರೆದುಕೊಂಡು ಬನ್ನಿ. ಬಂಡೆಯ ಮೇಲೆ ನಿಲ್ಲಿಸಿ. ಪಕ್ಕದಲ್ಲೇ ದೊಡ್ಡ ಬಸವಣ್ಣನ ಗುಡಿ. ವೃಷಭಾವತಿ ಆ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆ ಅಂತ ಹಿರಿಯರ ನಂಬಿಕೆ. ಹೆಸರೇ ಹೇಳುತ್ತದಲ್ಲ, ವೃಷಭ ಅಂದರೆ ಬಸವ. ಅಲ್ಲಿಂದ ಗವಿಪುರದ ಕಡೆ ನಡೆದು ಇಳಿಯಿರಿ. ಕೈಯಲ್ಲಿ ಒಂದು ನಿಂಬೆಹಣ್ಣು ಇಟ್ಟುಕೊಂಡಿರಿ. ವಾಹನ ಇಲ್ಲದ ಅಡ್ಡರಸ್ತೆ ಸಿಕ್ಕಾಗೆಲ್ಲ ನೆಲದ ಮೇಲೆ ಬಿಡಿ. ಅದು ಯಾವ ಕಡೆ ಉರುಳುತ್ತದೋ ಆ ಕಡೆ ಹೋಗಿ. ಕೊನೆಗೆ ಕೆಂಪಾಂಬುಧಿ ಕೆರೆ ಸಿಗುತ್ತದೆ. ಏರಿಯ ಹತ್ತಿರ ನಿಂತು ಸುತ್ತ ನೋಡಲಿ. ಬಂದ ದಾರಿ ಏರು. ಎದುರಿನ ಚಾಮರಾಜಪೇಟೆ ಕಡೆಯ ರಸ್ತೆಗಳೂ ಏರು. ನಡುವೆ ನೀವು ನಿಂತಿರುವುದೇ ವ್ಯಾಲಿ.

ಒಂದು ಸೂತ್ರ ಹೇಳುತ್ತೇನೆ, ಇದು ಬೆಂಗಳೂರಿನ ಮಕ್ಕಳಿಗೆ ತುಂಬ ಉಪಯೋಗ. ಕೆರೆ ಎಲ್ಲಿದೆಯೋ ಅಲ್ಲಿ ವ್ಯಾಲಿ ಇದೆ. ಯಾಕೆ ಅಂದರೆ ನಮ್ಮ ಕಡೆ ಕೆರೆಗಳು ತಾವಾಗಿ ಆದವಲ್ಲ, ಕಟ್ಟಿದವು. ನೀರು ಹರಿಯುವ ತಗ್ಗು ಹುಡುಕಿ, ಅದಕ್ಕೆ ಅಡ್ಡವಾಗಿ ಮಣ್ಣಿನ ಏರಿ ಹಾಕಿದರೆ ಕೆರೆ. ಕೆಂಪೇಗೌಡರ ಕಾಲದವರಿಗೆ ಈ ತಗ್ಗುಗಳು ಅಂಗೈ ರೇಖೆಯ ಹಾಗೆ ಗೊತ್ತಿದ್ದವು. ಒಂದು ಕೆರೆ ತುಂಬಿದರೆ ಕೋಡಿ ಹರಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ಆ ಸಾಲು ಹಿಡಿದು ಹೋದರೆ ಇಡೀ ವ್ಯಾಲಿ ನಡೆದ ಹಾಗೆ.

ಕೋಲಾರದವರು, ಈಗ ವೈಟ್‌ಫೀಲ್ಡ್ ಹತ್ತಿರ ಇದ್ದೇವೆ:

ಮೇಷ್ಟ್ರ ಮಾತು ಓದಿ ನಮ್ಮ ಮಾವನವರು ನೆನಪಾದರು. ಕೋಲಾರದಲ್ಲಿ ರೈತರು ‘ಕೆ.ಸಿ. ವ್ಯಾಲಿ ನೀರು ಬಂತು’ ಅಂತ ದಿನಾ ಹೇಳುತ್ತಾರೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಪೈಪಿನಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುವ ಯೋಜನೆ ಅದು, 2018ರಲ್ಲಿ ನೀರು ಬರಲು ಶುರುವಾಯಿತು. ನಮ್ಮ ಮಾವ ತುಂಬ ದಿನ ‘ವ್ಯಾಲಿ’ ಅಂದರೆ ಆ ದಪ್ಪ ಪೈಪಿನ ಹೆಸರು ಅಂದುಕೊಂಡಿದ್ದರು. ಕೆ.ಸಿ. ಅಂದರೆ ಕೋರಮಂಗಲ–ಚಲ್ಲಘಟ್ಟ, ವ್ಯಾಲಿ ಅಂದರೆ ಆ ನೀರು ಸೇರುವ ತಗ್ಗು ಅಂತ ಬಿಡಿಸಿ ಹೇಳಿದ ಮೇಲೆ, ‘ಹಾಗಾದರೆ ನಮ್ಮ ಕೆರೆ ಇರುವುದೂ ವ್ಯಾಲಿಯಲ್ಲೇ’ ಅಂದರು. ಎಪ್ಪತ್ತು ದಾಟಿದ ಮೇಲೂ ಒಂದು ಪದ ಹೀಗೆ ತಲೆಗೆ ಹೋಗುತ್ತದೆ.

ಒಂದು ಎಚ್ಚರ. ಮೆಟ್ರೊ ನೇರಳೆ ಮಾರ್ಗದ ಕೊನೆಯಲ್ಲಿ ಚಲ್ಲಘಟ್ಟ ಅಂತ ನಿಲ್ದಾಣ ಇದೆ. ಅದು ಮೈಸೂರು ರಸ್ತೆ ಕಡೆ. ಈ ಕಣಿವೆಯ ಚಲ್ಲಘಟ್ಟ ಊರಿನ ಪೂರ್ವಕ್ಕೆ. ಹೆಸರು ಒಂದೇ, ಜಾಗ ಬೇರೆ. ಮಗುವಿಗೆ ಗೊಂದಲ ಆಗದಿರಲಿ.

ವಿದ್ಯಾರಣ್ಯಪುರದಿಂದ, ಊರು ಶಿರಸಿ ಕಡೆ:

ನಿಮ್ಮ ಮಗಳ ಪ್ರಶ್ನೆಯೇ ಸರಿ. ‘ನೀನು ನೋಡಿದ್ದೀಯಾ’ ಅಂತ ಕೇಳಿದಳಲ್ಲ, ಪದ ಕಲಿಯುವುದು ಹಾಗೇ. ನಾನು ಉಲ್ಟಾ ದಾರಿಯಲ್ಲಿ ಬಂದವಳು. ವ್ಯಾಲಿಯೊಳಗೇ ಬೆಳೆದೆ, ಪದ ಮಾತ್ರ ಗೊತ್ತಿರಲಿಲ್ಲ.

ನಮ್ಮ ಕಡೆ ಅಡಿಕೆ ತೋಟ ಇರುವುದು ಎರಡು ಗುಡ್ಡದ ನಡುವಿನ ತಗ್ಗಿನಲ್ಲಿ. ಮೇಲೆ ಎರಡೂ ಕಡೆ ಸೊಪ್ಪಿನ ಬೆಟ್ಟ. ಅಲ್ಲಿಂದ ಸೊಪ್ಪು ಕಡಿದು ತಂದು ತೋಟಕ್ಕೆ ಹಾಕುತ್ತಾರೆ. ನಡುವೆ ಒಂದು ಹಳ್ಳ. ಬೆಳಿಗ್ಗೆ ಮಂಜು ತೋಟದೊಳಗೆ ತುಂಬಿ ನಿಂತಿರುತ್ತದೆ, ಬಿಸಿಲು ತಡವಾಗಿ ಇಳಿಯುತ್ತದೆ. ನಾವು ಅದನ್ನು ಕಣಿವೆ ಅಂತ ಕರೆದದ್ದೇ ಇಲ್ಲ. ‘ತೋಟಕ್ಕೆ ಇಳಿಯುವುದು’ ಅಂತಿದ್ದೆವು, ಅಷ್ಟೇ. ಕಾಲೇಜಿಗೆ ಬೆಂಗಳೂರಿಗೆ ಬಂದ ಮೇಲೆ ರೂಮಿನ ಗೆಳತಿ ನಮ್ಮ ಮನೆಯ ಫೋಟೊ ನೋಡಿ ‘ವಾಟ್ ಎ ಲವ್ಲಿ ವ್ಯಾಲಿ’ ಅಂದಳು. ಅವತ್ತು ನನ್ನ ಮೈ ಜುಮ್ಮೆಂದಿತು. ದಿನಾ ಇಳಿದು ಹತ್ತಿದ ಜಾಗಕ್ಕೆ ಒಂದು ಹೆಸರು ಸಿಕ್ಕಿತ್ತು.

ಅದಕ್ಕೇ ಹೇಳುವುದು, ‘ಕಣಿವೆ’ ಪದಕ್ಕೇ ಅಂಟಿಕೊಳ್ಳಬೇಡಿ. ಅವಳು ದಿನಾ ಬಳಸುವ ‘ಇಳಿಜಾರು’, ‘ತಗ್ಗು’, ‘ಹಳ್ಳ’ ಇವುಗಳಿಂದ ಶುರು ಮಾಡಿ.

ಹಿರಿಯೂರಿನವರು, ಪೀಣ್ಯದಲ್ಲಿ ಕೆಲಸ:

ಅಕ್ಕ, ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ ಕಣಿವೆ ಅಂದರೆ ಬೇರೇನೇ. ವೇದಾವತಿ ನದಿ ಎರಡು ಬೆಟ್ಟದ ಸಂದಿಯಲ್ಲಿ ನುಸುಳಿ ಹೋಗುವ ಜಾಗ ಇದೆ. ಅಲ್ಲಿ ಕಣಿವೆ ಮಾರಮ್ಮನ ಗುಡಿ. ಅದೇ ಸಂದಿಗೆ ಅಡ್ಡ ಕಟ್ಟಿದ್ದು ವಾಣಿವಿಲಾಸ ಸಾಗರ. ನಾವೆಲ್ಲ ಮಾರಿಕಣಿವೆ ಅಂತಲೇ ಕರೆಯುವುದು. 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು, ಮತ್ತೆ ಬಿದ್ದದ್ದು 2022ರಲ್ಲಿ. ಅವತ್ತು ನಾನು ರಜೆ ಹಾಕಿ ಊರಿಗೆ ಹೋಗಿ ನೋಡಿಬಂದೆ.

ಆ ಇಕ್ಕಟ್ಟಿನ ಕಣಿವೆಗೆ ಇಂಗ್ಲಿಷಿನಲ್ಲಿ ವ್ಯಾಲಿ ಅನ್ನುವುದಕ್ಕಿಂತ ಗಾರ್ಜ್ ಅನ್ನುವುದು ಸರಿ. ಕನ್ನಡದಲ್ಲಿ ಒಂದೇ ಪದ ಎರಡಕ್ಕೂ ನಡೆಯುತ್ತದೆ, ಇಂಗ್ಲಿಷಿನಲ್ಲಿ ಅಗಲ ಇದ್ದರೆ ಒಂದು, ಗೋಡೆಯ ಹಾಗೆ ಕಡಿದಾಗಿ ಇಕ್ಕಟ್ಟಾಗಿದ್ದರೆ ಇನ್ನೊಂದು.

ಗಿರಿನಗರದ ತಾಯಿ:

ಎಲ್ಲರಿಗೂ ಧನ್ಯವಾದ. ಓದುತ್ತಾ ಹೋದ ಹಾಗೆ ನನಗೇ ಕಲಿತ ಹಾಗಾಗುತ್ತಿದೆ. ಇನ್ನೊಂದು ತೊಂದರೆ ಇದೆ. ಅವಳು ಸ್ಪೆಲ್ಲಿಂಗ್ ನೋಡಿ ‘ವಲ್ಲೆ’ ಅಂತ ಓದುತ್ತಾಳೆ. ಕೆಲವು ಸಲ ವಾಲಿಬಾಲಿನ ‘ವಾಲಿ’ ಬರೆದುಬಿಡುತ್ತಾಳೆ. ಇದಕ್ಕೇನು ಮಾಡಲಿ?

ರಾಜಾಜಿನಗರದಿಂದ, ಮನೆಯಲ್ಲಿ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ:

ಇದು ನನ್ನ ಹತ್ತಿರ ಬರುವ ಮಕ್ಕಳಲ್ಲಿ ತುಂಬ ಜಾಸ್ತಿ. ಬೇಜಾರು ಮಾಡಿಕೊಳ್ಳಬೇಡಿ.

ಉಚ್ಚಾರಣೆಗೆ ಕನ್ನಡ ಲಿಪಿಯೇ ನಿಮ್ಮ ಗೆಳೆಯ. ‘ವ್ಯಾಲಿ’ ಅಂತ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ. ‘ಬ್ಯಾಟ್’, ‘ಕ್ಯಾಟ್’ನಲ್ಲಿ ಬರುವ ‘ಆ್ಯ’ ಸದ್ದು ಅದು. ವಾಲಿಬಾಲಿನ ವಾಲಿಯಲ್ಲಿ ಎರಡನೇ ಅಕ್ಷರ ‘ಓ’. ವ್ಯಾಲಿಯಲ್ಲಿ ‘ಎ’. ಮಿಕ್ಕಿದ್ದೆಲ್ಲ ಒಂದೇ: ಮೊದಲು ‘ವಿ’, ಆಮೇಲೆ ಡಬಲ್ ‘ಎಲ್’, ಕೊನೆಗೆ ‘ಇ’, ‘ವೈ’. ಒಂದೇ ಅಕ್ಷರದ ವ್ಯತ್ಯಾಸ ಆದ್ದರಿಂದ ಮಗು ತಪ್ಪುವುದು ಸಹಜ. ನಾನು ಹೀಗೆ ಹೇಳಿಕೊಡುತ್ತೇನೆ: ‘ಓ’ ಚೆಂಡಿನ ಹಾಗೆ ಗುಂಡಗಿದೆ, ಅದು ಆಟದ ವಾಲಿ. ‘ವಿ’ ಅಕ್ಷರವನ್ನೇ ನೋಡು, ಎರಡು ಇಳಿಜಾರು ಕೆಳಗೆ ಸೇರುತ್ತವೆ, ಅದೇ ವ್ಯಾಲಿಯ ಚಿತ್ರ. ನದಿ ಕೊರೆದ ಕಣಿವೆಗಳು ನಿಜಕ್ಕೂ ಹಾಗೇ ಇರುತ್ತವೆ. ಹಿಮಾಲಯದಲ್ಲಿ ಹಿಮನದಿ ತೀಡಿದ ಕಣಿವೆಗಳು ‘ಯು’ ಅಕ್ಷರದ ಹಾಗೆ, ತಳ ಅಗಲ. ಮುಂದಿನ ಕ್ಲಾಸುಗಳಲ್ಲಿ ಅದೂ ಬರುತ್ತದೆ.

ಒಂದಕ್ಕಿಂತ ಹೆಚ್ಚು ಇದ್ದಾಗ ಕೊನೆಗೆ ‘ಎಸ್’ ಮಾತ್ರ ಸೇರಿಸಬೇಕು. ಬೇಬಿ, ಸ್ಟೋರಿ ಇವುಗಳಲ್ಲಿ ‘ವೈ’ ತೆಗೆದು ಬೇರೆ ಅಕ್ಷರ ಹಾಕುತ್ತಾರಲ್ಲ, ಆ ನಿಯಮ ಇಲ್ಲಿಲ್ಲ. ಮಂಕಿ, ಡಾಂಕಿ, ವ್ಯಾಲಿ, ಮೂರೂ ಒಂದೇ ಗುಂಪು. ಮಕ್ಕಳು ‘ಮಂಕಿ, ಡಾಂಕಿ, ವ್ಯಾಲಿ’ ಅಂತ ಕುಣಿಯುತ್ತಾ ಹೇಳುತ್ತಾರೆ, ಮರೆಯುವುದಿಲ್ಲ.

ಇದಕ್ಕಿಂತ ಮುಖ್ಯ, ಪದವನ್ನು ಒಂಟಿಯಾಗಿ ಕಲಿಸಬೇಡಿ. ವಾಕ್ಯದಲ್ಲಿ ಕೂರಿಸಿ. ಬೆಟ್ಟ ಆದರೆ ‘ಆನ್ ದ ಹಿಲ್’. ಕಣಿವೆ ಆದರೆ ‘ಇನ್ ದ ವ್ಯಾಲಿ’. ಇದು ಕನ್ನಡದ ಮಗುವಿಗೆ ಸುಲಭ. ನಾವೂ ಬೆಟ್ಟದ ಮೇಲೆ, ಕಣಿವೆಯಲ್ಲಿ ಅನ್ನುತ್ತೇವೆ ಅಲ್ವಾ? ‘ಮೇಲೆ’ಗೆ ಆನ್, ‘ಅಲ್ಲಿ’ಗೆ ಇನ್. ಕಣಿವೆಯ ತಳಕ್ಕೆ ಇಂಗ್ಲಿಷಿನಲ್ಲಿ ಫ್ಲೋರ್ ಅನ್ನುತ್ತಾರೆ, ಮನೆಯ ನೆಲಕ್ಕೆ ಹೇಳುವ ಪದವೇ. ಪಕ್ಕದ ಇಳಿಜಾರಿಗೆ ಸ್ಲೋಪ್. ಈ ಮೂರು ಪದ ಒಟ್ಟಿಗೆ ಬಂದರೆ ಅವಳು ಚಿತ್ರಕ್ಕೆ ತಾನೇ ಹೆಸರು ಬರೆಯುತ್ತಾಳೆ.

ಮಲ್ಲೇಶ್ವರದ ಅಜ್ಜಿ:

ಮಗು ಮಂಚದ ಮೇಲೆ ಮಲಗಿದಾಗ ಹೊದಿಕೆಯೊಳಗೆ ಎರಡೂ ಮೊಣಕಾಲು ಎತ್ತಿಸು ತಾಯಿ. ಎರಡು ಬೆಟ್ಟ ಆಯಿತು. ನಡುವೆ ಒಂದು ಮಣಿ ಬಿಡು, ಹೊದಿಕೆಯ ತಗ್ಗಿಗೆ ಉರುಳಿ ನಿಲ್ಲುತ್ತದೆ. ನನ್ನ ಮೊಮ್ಮಗನಿಗೆ ಹೀಗೇ ಹೇಳಿಕೊಟ್ಟೆ. ಅವನು ಈಗ ಕಾಗದ ಮಡಚುವ ಆಟದಲ್ಲೂ ‘ವ್ಯಾಲಿ ಫೋಲ್ಡ್’ ಅಂತ ಒಂದಿದೆ ಅಂತ ನನಗೇ ತೋರಿಸುತ್ತಾನೆ. ಒಳಕ್ಕೆ ಮಡಚಿದರೆ ವ್ಯಾಲಿ, ಹೊರಕ್ಕೆ ಮಡಚಿದರೆ ಮೌಂಟನ್.

ಆನೇಕಲ್ ಕಡೆಯವರು:

ಮೇಷ್ಟ್ರ ಬಗ್ಗೆ ಗೌರವ ಇದೆ. ಆದರೆ ಊರೊಳಗೆ ಐದನೇ ಕ್ಲಾಸಿನ ಮಗುವಿಗೆ ವ್ಯಾಲಿ ಕಾಣುತ್ತದಾ ಅಂತ ನನಗೆ ಅನುಮಾನ. ಎಲ್ಲ ಕಡೆ ಕಟ್ಟಡ. ಇಳಿಜಾರು ಕಾಲಿಗೆ ಗೊತ್ತಾಗುತ್ತದೆ, ಕಣ್ಣಿಗೆ ಆಕಾರ ಸಿಗುವುದಿಲ್ಲ. ಒಂದು ಸಲವಾದರೂ ಮುತ್ಯಾಲಮಡುವಿಗೆ ಕರೆದುಕೊಂಡು ಬನ್ನಿ. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ಇಂಗ್ಲಿಷಿನಲ್ಲಿ ಅದಕ್ಕೆ ಪರ್ಲ್ ವ್ಯಾಲಿ ಅಂತಲೇ ಹೆಸರು, ಬೋರ್ಡಿನಲ್ಲೇ ಪದ ಓದಿಸಬಹುದು. ಮೇಲಿನಿಂದ ನೋಡಿದರೆ ಎರಡು ಕಡೆ ಕಾಡಿನ ಇಳಿಜಾರು, ನಡುವೆ ಆಳ. ಮೆಟ್ಟಿಲು ಇಳಿದು ಹೋದರೆ ವ್ಯಾಲಿಯೊಳಗೆ ಹೋದ ಹಾಗೇ ಆಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಬಂದರೆ ನೀರು ಮುತ್ತಿನ ಹಾಗೆ ಬೀಳುವುದೂ ಸಿಗುತ್ತದೆ. ಬೇಸಿಗೆಯಲ್ಲಿ ಬರಬೇಡಿ, ನೀರಿಲ್ಲದೆ ಮಗುವಿಗೆ ನಿರಾಸೆ. ಕಲ್ಲು ಜಾರುತ್ತದೆ, ಒಳ್ಳೆಯ ಚಪ್ಪಲಿ ಹಾಕಿಸಿ.

ಹಿರಿಯೂರಿನ ಅಣ್ಣ ಹೇಳಿದ ಗಾರ್ಜ್ ನೋಡಬೇಕಾದರೆ ಮೇಕೆದಾಟು. ಅಲ್ಲಿ ಕಾವೇರಿ ಬಂಡೆಗಳ ನಡುವೆ ಮೇಕೆ ದಾಟುವಷ್ಟು ಇಕ್ಕಟ್ಟಿನಲ್ಲಿ ನುಗ್ಗುತ್ತಾಳೆ. ಅದಕ್ಕೆ ಸ್ವಲ್ಪ ಮೇಲೆ ಸಂಗಮದಲ್ಲಿ ಅರ್ಕಾವತಿ ಸೇರುತ್ತಾಳೆ. ಅಂದರೆ ಕಹಳೆ ಬಂಡೆಯ ಹತ್ತಿರ ಬಿದ್ದ ಮಳೆ ವ್ಯಾಲಿಯಲ್ಲಿ ಹೊರಟು ಗಾರ್ಜ್ ದಾಟಿ ಹೋಗುತ್ತದೆ. ಬರೆಯುವಾಗ ನನಗೇ ಖುಷಿಯಾಯಿತು.

ಬೆಳ್ಳಂದೂರಿನಿಂದ:

ನಾನು ಸ್ವಲ್ಪ ಬೇರೆ ಕಥೆ ಹೇಳುತ್ತೇನೆ. ನಾವು ಮನೆ ತೆಗೆದುಕೊಳ್ಳುವಾಗ ಆ ಬಡಾವಣೆಯ ಹೆಸರಿನಲ್ಲೇ ‘ವ್ಯಾಲಿ’ ಇತ್ತು. ಚೆನ್ನಾಗಿದೆ ಅನ್ನಿಸಿತು. ಹಸಿರು, ತಂಪು, ಹೂವು, ಅಷ್ಟೇ ತಲೆಯಲ್ಲಿ ಬಂದದ್ದು. ಪದದ ಅರ್ಥ ಯಾರೂ ಯೋಚಿಸಲಿಲ್ಲ.

2022ರ ಸೆಪ್ಟೆಂಬರ್ ಮೊದಲ ವಾರ ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ಎದ್ದರೆ ನೆಲಮಾಳಿಗೆಯಲ್ಲಿ ಕಾರುಗಳು ಮುಳುಗಿದ್ದವು. ಕರೆಂಟ್ ಇಲ್ಲ. ಎರಡನೇ ಮಹಡಿಯ ಮೆಟ್ಟಿಲ ಮೇಲೆ ನಿಂತು ಮಗನನ್ನು ಎತ್ತಿಕೊಂಡಿದ್ದೆ. ಟ್ರ್ಯಾಕ್ಟರಿನಲ್ಲಿ ನಮ್ಮನ್ನು ಹೊರಗೆ ಕರೆದುಕೊಂಡು ಹೋದರು. ಅವನಿಗೆ ಆಗ ಏಳು ವರ್ಷ. ‘ಎಲ್ಲ ನೀರೂ ನಮ್ಮನೆಗೇ ಯಾಕಪ್ಪ ಬಂತು?’ ಅಂತ ಕೇಳಿದ.

ಆಮೇಲೆ ನಾನು ನಕ್ಷೆ ತೆಗೆದು ಕುಳಿತೆ. ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರು, ಒಂದರ ಕೆಳಗೊಂದು ಕೆರೆ. ನಡುವೆ ರಾಜಕಾಲುವೆ. ಅದೇ ಕೋರಮಂಗಲ–ಚಲ್ಲಘಟ್ಟ ಕಣಿವೆ. ನೀರು ನಮ್ಮನೆ ಹುಡುಕಿಕೊಂಡು ಬರಲಿಲ್ಲ. ಅದರ ದಾರಿಯಲ್ಲಿ ನಾವು ಮನೆ ಕಟ್ಟಿದ್ದೆವು. ಮಗನಿಗೆ ಆ ನಕ್ಷೆಯ ಮೇಲೆ ನೀಲಿ ಪೆನ್ಸಿಲಿನಲ್ಲಿ ಗೆರೆ ಎಳೆಸಿದೆ. ಅವನಿಗೆ ವ್ಯಾಲಿ ಎಂಬ ಪದ ಗೊತ್ತಾದದ್ದು ಹಾಗೆ. ಈಗ ಯಾವ ಹೊಸ ಜಾಗಕ್ಕೆ ಹೋದರೂ ‘ಇಲ್ಲಿ ನೀರು ಯಾವ ಕಡೆ ಹೋಗುತ್ತೆ?’ ಅಂತ ಮೊದಲು ಕೇಳುತ್ತಾನೆ.

ಅಮ್ಮಾ, ನಿಮ್ಮ ಮಗಳಿಗೆ ಭಯ ಹುಟ್ಟಿಸಬೇಡಿ. ಆದರೆ ವ್ಯಾಲಿ ಅಂದರೆ ಸುಮ್ನೆ ಚೆಂದದ ನೋಟ ಅಂತ ಮಾತ್ರ ಹೇಳಿಕೊಡಬೇಡಿ. ನೀರು ಸೇರುವ ಜಾಗ ಅನ್ನುವುದನ್ನೂ ಹೇಳಿ. ನಮ್ಮ ಊರಿನಲ್ಲಿ ಅದು ಗೊತ್ತಿರಬೇಕು.

ಬಸವನಗುಡಿಯ ಮೇಷ್ಟ್ರು:

ಬೆಳ್ಳಂದೂರಿನವರು ಬರೆದದ್ದನ್ನು ಎರಡು ಸಲ ಓದಿದೆ. ನಾನು ಇಷ್ಟು ವರ್ಷ ‘ಎರಡು ಬೆಟ್ಟಗಳ ನಡುವಿನ ತಗ್ಗು ಪ್ರದೇಶ’ ಅಂತ ಬರೆಸುತ್ತಿದ್ದೆ. ‘ನೀರು ಸೇರಿ ಹರಿಯುವ’ ಎಂಬ ಮೂರು ಪದ ಸೇರಿಸಬೇಕಿತ್ತು. ಆನೇಕಲ್ಲಿನವರ ಮಾತೂ ಒಪ್ಪಿದೆ. ಮೊದಲು ಮುತ್ಯಾಲಮಡುವಿನಲ್ಲಿ ಆಕಾರ ತೋರಿಸಿ, ಆಮೇಲೆ ಊರೊಳಗೆ ಅದನ್ನೇ ಹುಡುಕಲಿ. ಹೇಗೆ ಆಯಿತು ಅಂತ ತೋರಿಸಲು ಇನ್ನೊಂದು ಉಪಾಯ. ನಿಮ್ಮ ಬೀದಿಯಲ್ಲಿ ಎಲ್ಲಾದರೂ ಮನೆ ಕಟ್ಟುತ್ತಿದ್ದರೆ ಮರಳಿನ ರಾಶಿ ಇರುತ್ತದೆ. ಕೇಳಿಕೊಂಡು ಅದರ ನೆತ್ತಿಗೆ ಚೊಂಬಿನಿಂದ ಸಣ್ಣಗೆ ನೀರು ಬಿಡಿ. ನೀರು ತಾನೇ ದಾರಿ ಕೊರೆಯುತ್ತದೆ. ನಮ್ಮೂರಿನ ಬಂಡೆ ತುಂಬ ಹಳೆಯದು, ಲಾಲ್‌ಬಾಗ್ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಅಷ್ಟು ಗಟ್ಟಿಯಾದ, ಸವೆದ ನೆಲ ಆದ್ದರಿಂದ ಇಲ್ಲಿನ ಕಣಿವೆಗಳು ಆಳವಿಲ್ಲ, ಅಗಲ. ಅದಕ್ಕೇ ಗಮನಕ್ಕೆ ಬರುವುದಿಲ್ಲ.

ಗಿರಿನಗರದ ತಾಯಿ, ಎರಡು ವಾರದ ನಂತರ:

ಹೇಳಲೇಬೇಕು ಅಂತ ಬಂದೆ. ಮುತ್ಯಾಲಮಡುವಿಗೆ ಇನ್ನೂ ಹೋಗಲು ಆಗಿಲ್ಲ, ಇವರಿಗೆ ರಜೆ ಸಿಗಬೇಕು. ಕೆಂಪಾಂಬುಧಿಗೆ ಮಾತ್ರ ನಡೆದೆವು. ನಿಂಬೆಹಣ್ಣು ಎರಡು ಸಲ ಮೋರಿಗೆ ಬಿತ್ತು, ಮೂರನೆಯದನ್ನು ಗವಿಪುರದ ಅಂಗಡಿಯಲ್ಲಿ ಕೊಂಡೆವು. ಕೆರೆಯ ಹತ್ತಿರ ನಿಂತಾಗ ಅವಳು ಮೊದಲು ಏನೂ ಹೇಳಲಿಲ್ಲ. ಆಮೇಲೆ ಎರಡೂ ಕೈ ಚಾಚಿ, ಒಂದನ್ನು ಬಸವನಗುಡಿ ಕಡೆ, ಇನ್ನೊಂದನ್ನು ಚಾಮರಾಜಪೇಟೆ ಕಡೆ ಎತ್ತಿ, ‘ಅಮ್ಮಾ, ನಾನು ವಿ’ ಅಂದಳು.

ವಾಪಸು ಬರುವಾಗ ಕಾಲು ನೋವು ಅಂತ ಆಟೊ ಹತ್ತಿದೆವು. ಏರು ಬಂದಾಗ ಆಟೊ ಗೊರಗೊರ ಅಂದಿತು. ‘ನಾವು ವ್ಯಾಲಿಯಿಂದ ಹತ್ತುತ್ತಿದ್ದೇವೆ ಅಂಕಲ್, ಅದಕ್ಕೇ’ ಅಂತ ಚಾಲಕರಿಗೆ ಹೇಳಿದಳು. ಅವರು ಹಿಂದೆ ತಿರುಗಿ ‘ಹೌದಾ ಪುಟ್ಟಿ? ಇಪ್ಪತ್ತು ವರ್ಷದಿಂದ ಈ ಏರಿನಲ್ಲಿ ಗೇರ್ ಬದಲಾಯಿಸುತ್ತಿದ್ದೀನಿ, ನನಗೆ ಗೊತ್ತೇ ಇರಲಿಲ್ಲ’ ಅಂದರು. ಮನೆ ಬರುವವರೆಗೂ ಅವರಿಗೆ ಹೆಬ್ಬಾಳ, ಕೋರಮಂಗಲ, ವೃಷಭಾವತಿ ಅಂತ ಮೂರೂ ಹೆಸರು ಬಾಯಿಪಾಠ ಮಾಡಿಸುತ್ತಾ ಕುಳಿತಿದ್ದಳು.